ಕೊನೆಯ ಗದ್ದೆಯ ನೀರಗಂಟಿ

ಮೂಡಣ ಕೆಂಪೇರುವ ಹೊತ್ತಿಗೆ ಸುಂಕಮ್ಮ ಕೆರೆಯ ಏರಿಯಿಂದ ಕೆಳಗಿಳಿಯುತ್ತಾಳೆ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಮಾಘದ ಚಳಿಗೆ ಹಲ್ಲು ಕಚ್ಚಿಕೊಂಡು, ಕೆಸರು ತುಳಿಯುತ್ತ ತೂಬಿನ ಕಲ್ಲುಕಂಬದ ಹತ್ತಿರ ಹೋಗಿ ನಿಲ್ಲುತ್ತಾಳೆ. ಕಂಬದ ಬುಡದಲ್ಲಿ ಒಂದು ಪುಟ್ಟ ಬಸವಣ್ಣನನ್ನು ಕೆತ್ತಿದ್ದಾರೆ. ನಿನ್ನೆ ಸಂಜೆ ನೀರು ಅವನ ಎದೆಯ ಮಟ್ಟಕ್ಕಿತ್ತು. ಈಗ ಮೊಣಕಾಲಿನ ಗಂಟು ಕಾಣುತ್ತಿದೆ. ಆಕೆ ಬಗ್ಗಿ, ಗಂಟಿನ ಮೇಲಿನ ಪಾಚಿಯನ್ನು ಹೆಬ್ಬೆರಳಿನಿಂದ ಒರೆಸಿ, ಮತ್ತೊಮ್ಮೆ ನೋಡುತ್ತಾಳೆ.

ಗೋನೆಗಂಡ್ಲದ ಸೀಮೆಯ ಕೆಂಚನಹಾಳಿನಲ್ಲಿ ಬಸವಣ್ಣನ ಮೊಣಕಾಲು ಕಂಡಿತೆಂದರೆ ಗದ್ದೆಗಳಿಗೆ ಆ ವರ್ಷದ ನೀರು ಮುಗಿಯಿತು. ತೂಬು ಮುಚ್ಚಬೇಕು. ಉಳಿದ ನೀರು ದನಕರುಗಳಿಗೆ, ಕೆರೆಯ ಒರತೆಯಿಂದಲೇ ತುಂಬುವ ಊರ ಬಾವಿಗಳಿಗೆ. ಮುಂಗಾರಿನವರೆಗೆ ಊರು ಅದರಲ್ಲೇ ಜೀವ ಹಿಡಿಯಬೇಕು. ಈ ಕಟ್ಟುಪಾಡು ಯಾರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಒಮ್ಮೆ ಅದನ್ನು ಮುರಿದ ವರ್ಷ ಚೈತ್ರದಲ್ಲೇ ಬಾವಿ ಬತ್ತಿ, ಹೆಂಗಸರು ಕೊಡ ಹೊತ್ತು ಊರೂರು ಅಲೆದದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಏರಿಯ ಮೇಲಿಂದ ಒಂದು ಕೂಗು ಬರುತ್ತದೆ. ಕೆಳಗದ್ದೆಯ ಗಿಡ್ಡಮ್ಮ ಏದುಸಿರು ಬಿಡುತ್ತ ನಿಂತಿದ್ದಾಳೆ.

"ಏ ಸುಂಕೀ, ನಿನ್ನ ನೀರು ದಾರಿ ತಪ್ಪೈತೇನಬೇ? ನನ್ನ ಗದ್ದಿಗಿ ಇನ್ನಾ ಬಂದಿಲ್ಲ!"

"ನಿನ್ನೆನ ಮುಟ್ಟಬೇಕಿತ್ತಲ್ಲಕ್ಕ."

"ಮುಟ್ಟಬೇಕಿತ್ತು ಅಂದ್ರ ಭತ್ತಕ್ಕ ತಿಳೀತೈತೇನು? ಕಾಳಿನಾಗ ಇನ್ನಾ ಹಾಲೈತಿ. ಇವತ್ತು ನೀರಿಲ್ಲಂದ್ರ ಎಲ್ಲಾ ಜೊಳ್ಳು."

ಸುಂಕಮ್ಮ ಕಾಲುವೆಯ ಕೆಳಗಡೆಗೆ ಕಣ್ಣು ಹಾಯಿಸುತ್ತಾಳೆ. ಗಿಡ್ಡಮ್ಮನಿಗೆ ನೀರು ಬಂದಿಲ್ಲವೆಂದರೆ ತನ್ನ ಗದ್ದೆಗೂ ಬಂದಿಲ್ಲ. ಗಿಡ್ಡಮ್ಮನದಾದ ಮೇಲೆ ಕಾಲುವೆಯ ಕಟ್ಟಕಡೆಯಲ್ಲಿರುವುದೇ ಸುಂಕಮ್ಮನ ಗದ್ದೆ. ನೀರು ಹಂಚುವ ನೀರಗಂಟಿಗೆ ಊರವರು ಬಿಟ್ಟುಕೊಟ್ಟ ಮಾನ್ಯ ಅದು. ಬೇಕೆಂದೇ ಅಲ್ಲಿ ಕೊಟ್ಟಿದ್ದಾರೆ. ನೀರಗಂಟಿಯ ಭತ್ತ ತೊಯ್ಯಬೇಕಾದರೆ ಮೇಲಿನವರ ಭತ್ತವೆಲ್ಲ ತೊಯ್ದಿರಬೇಕು.

ಈ ಕೆಲಸ ಆಕೆಯ ಗಂಡ ನರಸಣ್ಣನದು. ಅವನ ಎರಡು ಕಣ್ಣಿಗೂ ಪೊರೆ ಬಂದ ಮೇಲೆ ಸಲಿಕೆ ಸುಂಕಮ್ಮನ ಹೆಗಲಿಗೆ ಬಂತು. ಹೆಂಗಸು ತೂಬು ಮುಟ್ಟಿದರೆ ಕೆರೆ ಒಡೆಯುತ್ತದೆ ಎಂದು ಚಾವಡಿಯಲ್ಲಿ ಕೂತವರು ನಕ್ಕರು. "ಕೆರಿ ಅಲ್ಲೇ ಐತ್ರಿ. ಹಂಗಂದೋರು ಈಗ ನೀರು ಕೇಳಾಕ ನಮ್ಮ ಬಾಗಲಿಗೆ ಬರ್ತಾರ" ಎನ್ನುತ್ತಾಳೆ ಆಕೆ, ಆ ಮಾತು ಎತ್ತಿದವರಿಗೆ. ಸಂತೆಗೆ ಹೋಗುವವರು ದಿನವೂ ಈ ಏರಿಯ ಮೇಲೇ ನಡೆಯುತ್ತಾರೆ. ಕೆಳಗೆ ಕೆಸರಿನಲ್ಲಿ ನಿಂತವಳನ್ನು ಯಾರೂ ಮಾತಾಡಿಸುವುದಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಮೊರ ಭತ್ತ, ಮತ್ತೆ ಆ ಕೊನೆಯ ಗದ್ದೆ. ಅಷ್ಟರಲ್ಲೇ ಆಕೆಯ ಮನೆ ನಡೆಯಬೇಕು.

ಸುದ್ದಿ ಹಬ್ಬಿ, ಹೊತ್ತು ಮೇಲೇರುವಷ್ಟರಲ್ಲಿ ಏರಿಯ ಮೇಲೆ ಗಂಡಸರು ಸೇರುತ್ತಾರೆ. ಕೆಲವರ ಕೈಯಲ್ಲಿ ಸಲಿಕೆ ಇದೆ. ಮುಂದೆ ನಿಂತವನು ಸಿದ್ದಬಸಪ್ಪ, ಮೇಲ್ಗದ್ದೆಯ ರೈತ. ಅವನ ಧೋತರದ ಅಂಚಿಗೆ ಹಸಿ ಕೆಸರು ಮೆತ್ತಿದೆ. ಸುಂಕಮ್ಮ ಆ ಕೆಸರನ್ನು ನೋಡುತ್ತಾಳೆ. ಅವನ ಸರದಿ ಮುಗಿದು ಎಷ್ಟೋ ದಿನವಾಗಿದೆ. ನಿನ್ನೆಯ ನೀರು ಎಲ್ಲಿ ಹೋಯಿತೆಂಬುದು ಆಕೆಗೆ ತಿಳಿಯುತ್ತದೆ.

"ಯಾಕ ಮಾರಿ ಸಣ್ಣದು ಮಾಡೀದಿ ಸುಂಕಮ್ಮ? ಮೊಣಕಾಲು ಕಂಡ್ರ ಕಾಣಲಿ ಬಿಡು" ಎನ್ನುತ್ತಾನೆ ಅವನು, ನಗುತ್ತಲೇ. "ನಿನ್ನ ಗದ್ದಿ ತೊಯ್ಯೋವರಿಗೂ ತೂಬು ತಗದಿಡು. ಯಾರರ ಕೇಳಿದ್ರ ನಾ ಅದೀನಿ."

"ನಂದು ತೊಯ್ದ ಮ್ಯಾಲೆ?"

"ಆಮ್ಯಾಲೆ ಎಲ್ಲರೂ ಒಂದೊಂದು ಸಲ ಹರಿಸ್ಕಂತಾರ. ಡ್ಯಾಮಿನ ಕಾಲುವ ವಸ್ತುಂದಿ ಕದಮ್ಮಾ, ಬಂದ ಬರ್ತೈತಲ್ಲ! ಅಳತಿ ಮಾಡಿ ಸುಣ್ಣದ ಕಲ್ಲು ನೆಟ್ಟು ಹೋಗ್ಯಾರ, ನೋಡಿಲ್ಲೇನು? ತುಂಗಭದ್ರಾನ ಮನಿ ಬಾಗಲಿಗೆ ಬರೋವಾಗ ಈ ಗುಂಡಿ ನೀರು ಕಾಯಾಕ ಹತ್ತೀಯಲ್ಲ."

ಕೆಲವರು ತಲೆಯಾಡಿಸುತ್ತಾರೆ. ಕಾಲುವೆಯ ಮಾತು ಈಗ ಈ ಕಡೆಯ ಎಲ್ಲ ಊರುಗಳಲ್ಲೂ ಇದೆ. ದೇಶದ ನದಿಗಳ ನೀರು ಯಾವ ಸೀಮೆಗೆ ಎಷ್ಟು ಎಂದು ದೊಡ್ಡ ದೊಡ್ಡ ಊರುಗಳಲ್ಲಿ ಕೂತು ಗೊತ್ತು ಮಾಡುತ್ತಿದ್ದಾರೆಂದು ಪತ್ರಿಕೆ ಓದಿಸಿ ಕೇಳಿದವರು ಹೇಳುತ್ತಾರೆ. ಕೆಂಚನಹಾಳಿಗೆ ಅದು ಯಾವಾಗ ಬರುತ್ತದೆಂದು ಮಾತ್ರ ಯಾರೂ ಹೇಳಿಲ್ಲ.

ಸುಂಕಮ್ಮ ತೂಬಿನ ಕಡೆ ತಿರುಗುತ್ತಾಳೆ. ಮನೆಯಲ್ಲಿ ಕಣ್ಣು ಕಾಣದ ಗಂಡನಿದ್ದಾನೆ. ಗದ್ದೆಯಲ್ಲಿ ವರ್ಷದ ಅನ್ನವಿದೆ. ತೂಬಿನ ಗೂಟ ಎತ್ತಿಯೇ ಇದೆ. ಅದನ್ನು ಹಾಗೇ ಬಿಟ್ಟು ಮನೆಗೆ ನಡೆದರೆ ಇವತ್ತು ಯಾರೂ ಬೈಯುವವರಿಲ್ಲ.

"ಬರೋ ಕಾಲುವಿ ನೀರನ್ನ ಇವತ್ತು ದನ ಕುಡಿತಾವೇನಣ್ಣ?" ಎನ್ನುತ್ತಾಳೆ ಕೊನೆಗೆ. ಕಂಬವನ್ನು ತಬ್ಬಿ ಹಿಡಿದು, ಮೈಭಾರವೆಲ್ಲ ಬಿಟ್ಟು ಗೂಟವನ್ನು ಕೆಳಕ್ಕೆ ಒತ್ತುತ್ತಾಳೆ. ಗುಳುಗುಳು ಸದ್ದು ನಿಲ್ಲುತ್ತದೆ.

"ನಿಂದು ಒಣಗಿಸ್ಕ, ನಂದ್ಯಾಕ ಒಣಗಿಸ್ತೀಯೇ?" ಗಿಡ್ಡಮ್ಮ ಎದೆ ಬಡಿದುಕೊಳ್ಳುತ್ತಾಳೆ.

"ಬಾಯಿ ಆಮ್ಯಾಲೆ ಮಾಡಕ್ಕ. ಮೊದಲು ಓಡು, ನಿನ್ನ ಗದ್ದಿ ಮಡಿ ಬಾಯಿ ಬಿಡಿಸು. ಕಾಲುವ್ಯಾಗ ಇನ್ನಾ ನೀರೈತಿ."

ತೂಬು ಮುಚ್ಚಿದರೂ ಕಾಲುವೆಯಲ್ಲಿ ಆಗಲೇ ಇಳಿದ ನೀರು ಹರಿಯುತ್ತಿರುತ್ತದೆ. ನಡುವೆ ಯಾರೂ ಒಡ್ಡು ಕಡಿಯದಿದ್ದರೆ ಒಂದು ಗದ್ದೆಗೆ ಸಾಕು, ಎರಡಕ್ಕೆ ಸಾಲದು. ಸುಂಕಮ್ಮ ಸಲಿಕೆ ಹೊತ್ತು ಕಾಲುವೆಯ ಗುಂಟ ಓಡುನಡಿಗೆಯಲ್ಲಿ ಇಳಿಯುತ್ತಾಳೆ. ಸಿದ್ದಬಸಪ್ಪ ಅಡ್ಡದಾರಿ ಹಿಡಿದು ಆಗಲೇ ತನ್ನ ಗದ್ದೆಯ ಹತ್ತಿರ ನಿಂತಿದ್ದಾನೆ. ಅವನ ಭತ್ತದ ಬುಡದಲ್ಲಿ ನೀರು ಮಿನುಗುತ್ತಿದೆ. ಒಡ್ಡಿನಲ್ಲಿ ಒಂದು ಮಾರು ಅಗಲ, ಕಡಿದು ಮತ್ತೆ ಮುಚ್ಚಿದ ಹೊಸ ಮಣ್ಣು. ಅವನ ಸಲಿಕೆ ಅದರ ಮೇಲಿದೆ.

ಸುಂಕಮ್ಮ ಕಾಲುವೆಗಿಳಿದು, ಆ ಹೊಸ ಮಣ್ಣಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ.

"ಸರಿ ಅತ್ಲಾಗ."

"ಕಡಿಯಣ್ಣ. ನನ್ನ ಕಾಲು ಅಡ್ಡ ಅದಾವ, ಮೊದಲು ಅವನ್ನ ಕಡಿ."

ಅವನ ಮುಖ ಬಿಗಿಯುತ್ತದೆ. ಹಿಂದೆ ಬಂದವರು ದೂರದಲ್ಲೇ ನಿಲ್ಲುತ್ತಾರೆ. ನೀರು ಆಕೆಯ ಮೀನಖಂಡಕ್ಕೆ ಬಡಿದು ಕೆಳಗೆ ಸರಿಯುತ್ತದೆ. ಮೀನಖಂಡದಿಂದ ಹರಡಿಗೆ, ಹರಡಿನಿಂದ ಹಿಮ್ಮಡಿಗೆ ಇಳಿಯುತ್ತದೆ. ಕಡೆಗೆ ಕಾಲ್ಬೆರಳ ಸಂದಿಯಲ್ಲಿ ಕೆಸರಷ್ಟೇ ಉಳಿದಾಗ ಸಿದ್ದಬಸಪ್ಪ ಸಲಿಕೆಯನ್ನು ಹೆಗಲಿಗೇರಿಸಿ, ಯಾರ ಮುಖವನ್ನೂ ನೋಡದೆ ಹೋಗುತ್ತಾನೆ. ಆಗಷ್ಟೇ ಸುಂಕಮ್ಮ ಒಡ್ಡಿನಿಂದ ಬೆನ್ನು ಎತ್ತುತ್ತಾಳೆ.

ಗಿಡ್ಡಮ್ಮನ ಗದ್ದೆ ತೊಯ್ಯುತ್ತದೆ. ನೀರು ಅವಳ ಗದ್ದೆಯ ಕೊನೆಯ ಬದು ಮುಟ್ಟಿ ಅಲ್ಲೇ ಇಂಗುತ್ತದೆ. ಬದುವಿನ ಈಚೆಗೆ ಸುಂಕಮ್ಮನ ನೆಲ ಬಿರುಕು ಬಿಟ್ಟಿದೆ.

ಸಂಜೆಗೆ ಆಕೆ ಹಾಲುಗಾಳಿನ ಭತ್ತವನ್ನು ಹಸಿಯಾಗಿಯೇ ಕೊಯ್ಯಲು ಕೂರುತ್ತಾಳೆ. ಒಣಗುವ ಮುಂಚೆ ಕೊಯ್ದರೆ ದನಕ್ಕಾದರೂ ಮೇವಾದೀತು. ನರಸಣ್ಣ ಬದುವಿನ ಮೇಲೆ ಕೂತು ಕೈಯಾಡಿಸಿ ಸಿವುಡು ಕಟ್ಟುತ್ತಾನೆ. ಸ್ವಲ್ಪ ಹೊತ್ತಿಗೆ ಗಿಡ್ಡಮ್ಮ ಕುಡುಗೋಲು ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಾಳೆ.

"ನನ್ನ ಕಣದಾಗ ನಿನಗ ಒಂದು ಮೊರ ಅಲ್ಲಬೇ, ಬೇಕಾದಷ್ಟು ಅಳದುಕೊಂಡು ಹೋಗು."

"ಊರ ಕಟ್ಟುಪಾಡಿನಾಗ ಒಂದ ಮೊರ ಐತಿ. ಒಂದ ಸಾಕಕ್ಕ."

"ಸೊಕ್ಕು ನೋಡು ಈಕಿದು!" ಗಿಡ್ಡಮ್ಮ ನಗುತ್ತಾಳೆ. ನರಸಣ್ಣನೂ ನಗುತ್ತಾನೆ.

ಡ್ಯಾಮಿನ ಕಾಲುವೆ ಬಂದ ಮೇಲೆ ಏನು ಬೇಕೆಂದು ನರಸಣ್ಣ ಕೇಳಿದಾಗ ಸುಂಕಮ್ಮ ಕೊಯ್ಯುವ ಕೈ ನಿಲ್ಲಿಸುತ್ತಾಳೆ. ದೂರದಲ್ಲಿ ಸುಣ್ಣ ಹಚ್ಚಿದ ಅಳತೆಯ ಕಲ್ಲು ಸಂಜೆಯ ಬೆಳಕಿಗೆ ಬೆಳ್ಳಗೆ ಕಾಣುತ್ತಿದೆ. ಆಕೆ ಅದನ್ನೇ ನೋಡುತ್ತ ಹೇಳುತ್ತಾಳೆ:

"ಬರಲ್ರಿ, ಬ್ಯಾಡಂತ ಯಾರಂತಾರ? ಆದ್ರ ಆ ನೀರಿನ ಬಾಗಲ ತಗಿಯೋನು ಯಾರಿರ್ತಾನ, ಅವನ ಗದ್ದಿ ಕೊನಿಗಿರಲಿ. ಅಷ್ಟು ಮಾಡಿದ್ರ ಸಾಕು."