ಬನಹಟ್ಟಿಗೆ ಒಯ್ದ ಕೊರಿಯಾದ ಪದ್ಯ

ಮುಧೋಳ ಬಿಟ್ಟಾಗ ಥಂಡಿ ಇನ್ನೂ ಇಳಿದಿರಲಿಲ್ಲ. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಹೆಂಗಸರ ಪುಕ್ಕಟೆ ಟಿಕೆಟ್ ಪಡೆದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಜಮಖಂಡಿ ಮುಟ್ಟಲು ತಾಸಿನ ಮೇಲಾಯಿತು. ಅಲ್ಲಿ ಗೆಳತಿ ಶೈಲಜಾ ಜೊತೆಯಾದಳು. ಇಬ್ಬರೂ ಬನಹಟ್ಟಿಯ ಬಸ್ಸು ಹತ್ತಿದೆವು.

ಶೈಲಜಾ, ಬನಹಟ್ಟಿಯ ಕಸ್ತೂರಿ, ನಾನು, ಮೂವರೂ ಶಾಲೆಯಲ್ಲಿ ಕಲಿಸುವವರು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕೂತು ಹೊರದೇಶಗಳ ಇವತ್ತಿನ ಕವಿಗಳನ್ನು ಓದುವುದು ನಮ್ಮ ಹುಚ್ಚು. ಮೊದಲು ಪದ್ಯವನ್ನು ನಮ್ಮ ಮಾತಿನಲ್ಲಿ ಹೇಳಬೇಕು, ಆಮೇಲೆ ಇಂಗ್ಲಿಷಿನಲ್ಲಿ ಓದಬೇಕು. ಈ ಸಲ ನನ್ನ ಪಾಲಿಗೆ ಕೊರಿಯಾ ಬಂದಿತ್ತು. ಗಂಡ ತೀರಿಕೊಂಡ ಹೆಂಗಸೊಬ್ಬಳು ಸೇಬು ಹೆಚ್ಚುವ ಪದ್ಯವನ್ನು ಆರಿಸಿ, ಕಸ್ತೂರಿಗೆ ಫೋನಿನಲ್ಲಿ ಹೇಳಿಯೂ ಇದ್ದೆ. ಅಷ್ಟರಲ್ಲಿ ಕಸ್ತೂರಿಯ ಯಜಮಾನರೇ ತೀರಿಹೋದರು. ಈ ತಿಂಗಳು ಬೇಡವೆಂದರೆ ಅವಳು ಕೇಳಲಿಲ್ಲ. ಹಟಕ್ಕೆ ಬಿದ್ದರೆ ಅವಳನ್ನು ಒಪ್ಪಿಸುವವರು ಇನ್ನೂ ಹುಟ್ಟಿಲ್ಲ.

"ಅದನ್ನ ಓದಬ್ಯಾಡವಾ. ಗಾಯ ಇನ್ನೂ ಹಸಿ ಐತಿ," ಎಂದಳು ಶೈಲಜಾ. ನನಗೂ ಅದೇ ಹೆದರಿಕೆ. ಬಸ್ಸಿನಲ್ಲೇ ಮೊಬೈಲ್ ತಡಕಾಡಿ ಮಳೆಯ ಪದ್ಯವೊಂದನ್ನು ಹುಡುಕಿಟ್ಟುಕೊಂಡೆ.

ಓಣಿಯ ತುಂಬ ಮಗ್ಗಗಳ ಸದ್ದು, ಕಸ್ತೂರಿಯ ಮನೆಯದೊಂದು ಬಿಟ್ಟು. ಬಂದ ನೆಂಟರೆಲ್ಲ ಊರಿಗೆ ಮರಳಿದ್ದರು. ನಾವು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಪುಂಡಿಪಲ್ಯೆಯನ್ನು ಅವಳು ಅರ್ಧಕ್ಕೇ ಸಾಕೆಂದಳು. ಊಟವಾದ ಮೇಲೆ ನಾನು ಮಳೆಯ ಪದ್ಯ ಹೇಳತೊಡಗಿದೆ.

"ಏ, ನೀ ಫೋನಿನ್ಯಾಗ ಹೇಳಿದ್ದು ಇದಲ್ಲ," ಎಂದಳು ಕಸ್ತೂರಿ. "ನನ್ನ ಮುಂದ ಯಾಕ ಮುಚ್ಚಿಡತೀ? ಅದನ್ನ ಹೇಳು."

ಹೇಳಿದೆ. ಆ ಹೆಂಗಸು ಒಂದು ರಾತ್ರಿ ರೂಢಿಯಂತೆ ಸೇಬನ್ನು ಎರಡು ಹೋಳು ಮಾಡುತ್ತಾಳೆ. ಒಂದನ್ನು ತಿನ್ನುತ್ತಾಳೆ. ಇನ್ನೊಂದು ತಟ್ಟೆಯಲ್ಲೇ ಕಂದುತ್ತ ಹೋಗುತ್ತದೆ. ಪದ್ಯ ಅಷ್ಟೇ. ಆಮೇಲೆ ಇಂಗ್ಲಿಷಿನಲ್ಲೂ ಓದಿದೆ. ಕಸ್ತೂರಿ ಅಳಲಿಲ್ಲ, ಎದ್ದು ಊಟದ ತಾಟು ತೆಗೆಯತೊಡಗಿದಳು. ಓದಬಾರದಿತ್ತು ಅನಿಸಿ ನನಗೆ ಸಂಕಟವಾಯಿತು.

ಸಾವಾದ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಎನ್ನುವಂತಿಲ್ಲ. ಸಂಜೆ ಸುಮ್ಮನೆ ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿದೆವು. ಹಿಂದಿನಿಂದ ಕಸ್ತೂರಿ ಕೇಳಿದಳು:

"ಆ ಕೊರಿಯಾದಾಕಿ... ಅವತ್ತ ರಾತ್ರಿ ಆಕಿ ಜೋಡಿ ಯಾರಾರ ಇದ್ರೇನು?"

ಶೈಲಜಾ ನನ್ನ ಮುಖ ನೋಡಿದಳು. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದು ಕಸ್ತೂರಿಯ ಆಚೆ ಈಚೆ ಕೂತೆವು. ಆಗ ಅವಳು ಅತ್ತಳು.

ನಾನು ಮುಧೋಳದ ಬಸ್ಸು ಹತ್ತಿದ್ದು ಮರುದಿನ.