ಫಿಲು ಮಾವಶಿಯ ಕರಿ ಪದರು

ಫಿಲು ಮಾವಶಿ ಅಡಿಗೆ ಮಾಡುತ್ತಿದ್ದುದು ಮೂಗಿನಿಂದ. ಹೊಗಳಬೇಕೆಂದು ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದು. ಒಲೆಯ ಮೇಲೆ ದಪ್ಪ ತಳದ ತಾಮ್ರದ ಪಾತ್ರೆ ಇಟ್ಟು, ಅದರ ಮುಚ್ಚಳದ ಮೇಲೆ ಕೆಂಡ ಹರಡಿ, ಒಲೆಗೆ ಬೆನ್ನು ಹಾಕಿ ಸ್ಟೇಶನ್ನಿನ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಗೋವೆಗೆ ಇಳಿಯುವ ಗಾಡಿಗೆ ಇಂಜಿನ್ನು ಜೋಡಿಸುವುದನ್ನು ನೋಡುತ್ತ, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ ಇದ್ದವಳು ನಡುವೆ ಒಮ್ಮೆಗೇ ಸುಮ್ಮನಾಗಿ, ಮೂಗಿನ ಹೊಳ್ಳೆ ಅರಳಿಸಿ, "ಜಾಲೆಂ" ಎಂದು ಏಳುತ್ತಿದ್ದಳು. ಆಯಿತು ಎಂದರ್ಥ. ಇಕ್ಕಳದಿಂದ ಮುಚ್ಚಳ ಎತ್ತಿದರೆ ಒಳಗಿನ ಸಿಹಿಯ ಪದರು ಹದವಾಗಿ ಬೆಂದಿರುತ್ತಿತ್ತು. ಕೆಂಡ ಒಂದು ಗಳಿಗೆ ಹೆಚ್ಚಿತು, ಒಂದು ಗಳಿಗೆ ಕಡಿಮೆಯಾಯಿತು ಎಂಬುದು ಆಕೆಯ ಬಾಳಿನಲ್ಲೇ ಇರಲಿಲ್ಲ.

ಹೆಸರು ಫಿಲೊಮೆನಾ. ನಮ್ಮ ಮಂದಿಯ ನಾಲಿಗೆಗೆ ಅದು ಹೊರಳದೆ ಫಿಲುಬಾಯಿ ಆಗಿತ್ತು. ನನಗೆ ಫಿಲು ಮಾವಶಿ, ಚಿಕ್ಕಮ್ಮನ ಹಾಗೆ. ಆಕೆ ನನ್ನನ್ನು ಕೊಂಕಣಿಯ ಅಕ್ಕರೆಯಲ್ಲಿ ಬಾಯ್ ಎನ್ನುತ್ತಿದ್ದಳು. ಗಂಡ ರೈಲಿನಲ್ಲಿ ಗಾರ್ಡ್ ಆಗಿದ್ದವನು, ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಕ್ಯಾಸಲ್‌ರಾಕಿನಲ್ಲಿ ರೈಲ್ವೆ ಸಾಹೇಬರು ಪಾರ್ಟಿ ಮಾಡುವ ಒಂದು ದೊಡ್ಡ ಹಾಲ್ ಇತ್ತು. ಅದರ ಹಿಂದಿನ ಒಂದು ಕೋಣೆಯಲ್ಲಿ ಮಾವಶಿ ಇದ್ದಳು. ಪಾರ್ಟಿಗೆ ಸಿಹಿ ಮಾಡಿಕೊಡಬೇಕು, ಕೋಣೆಯಲ್ಲಿ ಇರಬೇಕು, ಇಷ್ಟೇ ಕರಾರು. ನಾನು ಹಳಿಯಾಳದಿಂದ ಮದುವೆಯಾಗಿ ಬಂದವಳು, ಪಾರ್ಸೆಲ್ ಆಫೀಸಿನ ಗುಮಾಸ್ತರ ಹೆಂಡತಿ. ಆ ಪಾರ್ಟಿ ಹಾಲ್‌ನ ಬೇಲಿಯಾಚೆಯೇ ನಮ್ಮ ಕ್ವಾರ್ಟರ್ಸು.

ಆಕೆಯ ಆ ಸಿಹಿಗೆ ಮೂರು ಹೆಸರು. ಸಾಹೇಬರ ಮಡಮ್ಮುಗಳು ಚಾಕಲೇಟ್ ಪುಡಿಂಗ್ ಎನ್ನುತ್ತಿದ್ದರು, ಮಾವಶಿ ಬೆಬಿಂಕ್ ಎನ್ನುತ್ತಿದ್ದಳು, ನಮ್ಮ ಕ್ವಾರ್ಟರ್ಸ್ ಲೈನಿನವರು ಸಾಹೇಬರ ಹೋಳಿಗಿ ಎನ್ನುತ್ತಿದ್ದರು. ಮೊಟ್ಟೆಯ ಹಳದಿ, ಗಟ್ಟಿ ತೆಂಗಿನ ಹಾಲು, ಸಕ್ಕರೆ, ಮೈದಾ ಕಲಸಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಗೋವೆಯಿಂದ ಬಂದ ಕೋಕೋ ಪುಡಿ ಬೆರೆಸುತ್ತಿದ್ದಳು. ಒಂದು ಬಿಳಿ ಪದರು, ಅದು ಬೆಂದ ಮೇಲೆ ತುಪ್ಪ ಸವರಿ ಒಂದು ಕರಿ ಪದರು, ಮತ್ತೆ ತುಪ್ಪ, ಮತ್ತೆ ಬಿಳಿ. ಹೀಗೆ ಹತ್ತು ಪದರು ಏಳಬೇಕಾದರೆ ಒಂದು ಹೊತ್ತು ಪೂರ್ತಿ ಬೇಕು. ಬೇಸಿಗೆಯಲ್ಲಿ ಬಿಸ್ಕೀಟುಗಳನ್ನು ಕಾಫಿಯಲ್ಲಿ ಅದ್ದಿ, ನಡುನಡುವೆ ಕೋಕೋ ಸೇರಿಸಿ ಕಡೆದ ಬೆಣ್ಣೆ ಬಳಿದು ಇನ್ನೊಂದು ಪದರಿನ ತಿಂಡಿಯನ್ನೂ ಮಾಡುತ್ತಿದ್ದಳು. ಆದರೆ ಹೆಸರು ಬಂದದ್ದು ಬೆಬಿಂಕಿನಿಂದಲೇ.

ಕೆಳಗಿನ ಪದರು ಬೇಯುವ ತನಕ ಮೇಲಿನದು ಸುರಿಯಬಾರದು ಎಂಬುದು ಆಕೆಯ ವೇದಾಂತ. ಅದನ್ನು ಎಲ್ಲದಕ್ಕೂ ಹಚ್ಚುತ್ತಿದ್ದಳು. ನಾನೊಮ್ಮೆ ಇವರ ಮೇಲೆ ಮುನಿದು ಹಳಿಯಾಳಕ್ಕೆ ಹೊರಟು ನಿಂತಾಗ ಬೇಲಿಯ ಹತ್ತಿರ ಕರೆದು ಹೇಳಿದ್ದಳು: "ಬಾಯ್, ನಿನ್ನಿ ಸಿಟ್ಟು ಇನ್ನೂ ಹಸಿ ಐತಿ. ಅದರ ಮ್ಯಾಲ ಇವತ್ತಿಂದು ಸುರೀಬ್ಯಾಡ. ಎರಡೂ ಕೂಡಿ ಗಂಜಿ ಆಗತೈತಿ." ನಾನು ಗಂಟು ಬಿಚ್ಚಿಟ್ಟೆ.

ಕಾಯಿ ಹೆರೆದು ಹಾಲು ಹಿಂಡಿಕೊಡುವ ಕೆಲಸಕ್ಕೆ ನಾನು ಹೋಗುತ್ತಿದ್ದೆ. ಮೊದಲ ದಿನವೇ ಒಂದು ಫಜೀತಿ. ಹೆರೆದ ಕಾಯಿಗೆ ಬಿಸಿನೀರು ಹಾಕು ಎಂದಳು. ಹಾಕತೊಡಗಿದೆ. ತುಸು ಹೊತ್ತಿಗೆ "ಪುರೊ, ಪುರೊ" ಎಂದಳು. ನಮ್ಮ ಕಡೆ ಪೂರಾ ಎಂದರೆ ಎಲ್ಲ. ಚರಿಗೆಯನ್ನೇ ಬೋರಲು ಹಾಕಿದೆ. ಕೊಂಕಣಿಯಲ್ಲಿ ಪುರೊ ಎಂದರೆ ಸಾಕು ಎಂದು ತಿಳಿದದ್ದು ಆಕೆ ಹಣೆ ಹಣೆ ಬಡಿದುಕೊಂಡ ಮೇಲೆ. ಆಮೇಲೆ ಇಬ್ಬರೂ ಗೋಡೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು.

ಇಷ್ಟು ಚಂದದ ಸ್ನೇಹದಲ್ಲಿ ಒಂದು ಸುಳ್ಳಿತ್ತು. ಅದು ನನ್ನದು.

ನಮ್ಮದು ಲಿಂಗವಂತರ ಮನೆ. ಮೊಟ್ಟೆ ಮುಟ್ಟುವುದಿರಲಿ, ಅದರ ವಾಸನೆಯೂ ನನಗೆ ಆಗುತ್ತಿರಲಿಲ್ಲ. ಮೊದಲ ಸಲ ಮಾವಶಿ ಬೆಬಿಂಕಿನ ಅಂಚು ಕತ್ತರಿಸಿ, ಬಸಿಯಲ್ಲಿಟ್ಟು, ಕ್ರೋಶಾದ ಬಟ್ಟೆ ಮುಚ್ಚಿ ತಂದು, "ತಿಂದು ಹೇಳು ಬಾಯ್" ಎಂದಾಗ, ತಿನ್ನುವುದಿಲ್ಲ ಎನ್ನಬೇಕಿತ್ತು. ಆ ಮುಖ ನೋಡಿ ಅನ್ನಲಾಗಲಿಲ್ಲ. ಉಸಿರು ಹಿಡಿದು ಬಸಿಯನ್ನು ಒಳಗೊಯ್ದೆ. ಹಿತ್ತಲಲ್ಲಿ ನೀರು ತರುವ ಗಂಗವ್ವ ಕೊಡ ಇಳಿಸುತ್ತಿದ್ದಳು. ಅವಳಿಗೆ ಮೊಟ್ಟೆ ನಡೆಯುತ್ತಿತ್ತು. ಅವಳ ಕೈಗೆ ಕೊಟ್ಟೆ. ಗಂಗವ್ವ ಕಣ್ಣು ಮುಚ್ಚಿ ತಿಂದು, "ಅವ್ವಾರ, ಬಾಯಾಗ ಇಟ್ಟರ ಬೆಣ್ಣಿ, ನುಂಗಿದರ ಸಕ್ಕರಿ ನೋಡ್ರಿ!" ಎಂದಳು. ಆ ಮಾತನ್ನೇ ಕೊಂಡೊಯ್ದು ಮಾವಶಿಗೆ ಒಪ್ಪಿಸಿದೆ. ಆಕೆಯ ಮುಖ ಅರಳಿತು.

ಅಂದಿನಿಂದ ಅದೇ ರೂಢಿಯಾಯಿತು. ತಿನ್ನುವವಳು ಗಂಗವ್ವ, ಹೇಳುವವಳು ನಾನು. ಗಂಗವ್ವ ಬರೀ ಹೊಗಳುವವಳಲ್ಲ, ಬಲು ಚೊಕ್ಕ ನಾಲಿಗೆ ಅವಳದು. "ಈ ಸಲ ತುಪ್ಪ ತುಸು ಕಮ್ಮಿ ಬಿದ್ದೈತ್ರಿ" ಎಂದರೆ ಅದನ್ನೂ ಮುಟ್ಟಿಸುತ್ತಿದ್ದೆ. ಮಾವಶಿ ಬೆರಗಾಗಿ, "ಕಸಲಿ ಜೀಬ್ ಗೊ ತುಜಿ! ಎಂಥಾ ನಾಲಿಗಿ ಬಾಯ್ ನಿಂದು! ಇಡೀ ಲೈನಿನ್ಯಾಗ ಇಂಥಾದ್ದು ಇಲ್ಲ" ಎನ್ನುತ್ತಿದ್ದಳು. ನನಗೆ ನಾಚಿಕೆಯಾಗಬೇಕಿತ್ತು. ಇಲ್ಲ, ಹೆಮ್ಮೆಯಾಗುತ್ತಿತ್ತು. ಉಂಡವಳು ಒಬ್ಬಳು, ತೇಗಿದವಳು ಇನ್ನೊಬ್ಬಳು.

ಯುದ್ಧ ನಡೆದಿದ್ದ ವರ್ಷಗಳು ಅವು. ಒಂದು ಮಳೆಗಾಲದ ಕೊನೆಗೆ ಮಾವಶಿಗೆ ಜ್ವರ ಬಂತು. ತಿಂಗಳುಗಟ್ಟಲೆ ಮಲಗಿದಳು. ಕೂದಲು ಉದುರಿತು, ಮೈ ಕಡ್ಡಿಯಾಯಿತು. ಎದ್ದು ಓಡಾಡುವಂತಾದ ಮೇಲೆ ಒಂದು ಮುಂಜಾನೆ ನನ್ನನ್ನು ಕರೆದು ಬಾಗಿಲು ಹಾಕಿಕೊಂಡಳು. ಮುಷ್ಟಿ ಬಿಚ್ಚಿ ತೋರಿಸಿದಳು. ಜಜ್ಜಿದ ಬೆಳ್ಳುಳ್ಳಿ.

"ಇದರ ವಾಸ ಬರತೈತಿ ನಿನಗ?"

"ಬಾಗಲಾಗ ನಿಂತರೂ ಬರತೈತ್ರಿ ಮಾವಶಿ."

"ನನಗ ಬರೂದಿಲ್ಲ." ಕೈ ಮೂಗಿಗೆ ಒತ್ತಿಕೊಂಡಳು. "ಮೂಗು ಸತ್ತೈತಿ ಬಾಯ್. ನಾಲಿಗಿನೂ. ಸಕ್ಕರಿ ಹಾಕಿದರ ಉಸುಕು, ಉಪ್ಪು ಹಾಕಿದರ ಉಸುಕು."

ತನ್ನ ಭಯವನ್ನೂ ಹೇಳಿದಳು. ಸಾಹೇಬರಿಗೆ ಇದು ಗೊತ್ತಾದರೆ ಹುಬ್ಬಳ್ಳಿಯಿಂದ ಬೇರೆ ಕುಕ್ ಬರುತ್ತಾನೆ. ಕೋಣೆ ಅವನಿಗೆ ಹೋಗುತ್ತದೆ. ಗೋವೆಯಲ್ಲಿ ತಮ್ಮನಿದ್ದಾನೆ, ಆದರೆ ತಮ್ಮನ ಹೆಂಡತಿಯ ಕೈಯ ಅನ್ನ ತಿಂದು ಬಿದ್ದಿರುವ ಬಾಳು ಬೇಡ. ಆಮೇಲೆ ನನ್ನ ಎರಡೂ ಕೈ ಹಿಡಿದಳು.

"ಇನ್ನ ಮ್ಯಾಲ ನೀನ ನನ್ನ ಜೀಬ್. ಬಿಳಿ ಪದರು ಸೀದರ ಕಣ್ಣಿಗೆ ಕಾಣತೈತಿ. ಕರಿ ಪದರು ಸೀದರ ಕಾಣೂದಿಲ್ಲ, ಅದನ್ನ ಮೂಗ ಹೇಳಬೇಕು, ಇಲ್ಲಾ ನಾಲಿಗಿ ಹೇಳಬೇಕು. ನೀ ಹೇಳ್ತಿ ಅಲ್ಲಾ?"

ಆಗ ಬಾಯಿ ಬಿಡಬೇಕಿತ್ತು. ಮಾವಶಿ, ನಾನು ಒಂದು ಸಲವೂ ತಿಂದಿಲ್ಲ, ತಿಂದವಳು ಗಂಗವ್ವ, ಅವಳನ್ನು ಕರೆಯುತ್ತೇನೆ ಎನ್ನಬೇಕಿತ್ತು. ಅಷ್ಟೇ. ಆದರೆ ಎರಡು ವರ್ಷದ ಸುಳ್ಳನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಗಂಗವ್ವ ಹೇಗೂ ಇದ್ದಾಳಲ್ಲ, ಯಾರ ನಾಲಿಗೆಯಾದರೇನು ಎಂದುಕೊಂಡು, "ಆಗ್ಲಿ ಮಾವಶಿ" ಎಂದೆ.

ನಡೆಯಿತು ಕೂಡ. ಮೂಗು ಹೋದವಳು ಜಪಮಾಲೆ ಹಿಡಿದಳು. ಒಂದು ಪದರಿಗೆ ಇಷ್ಟು ಮಣಿ ಎಂದು ಲೆಕ್ಕ ಕಟ್ಟಿಕೊಂಡು ಬೇಯಿಸಿದಳು. ಒಮ್ಮೆ ಗಂಗವ್ವ ಮುಖ ಕಿವುಚಿ, "ತುಸು ಕಹಿ ಅನಸತೈತ್ರಿ" ಎಂದಾಗ ಓಡಿ ಹೋಗಿ ಹೇಳಿದೆ. ಮಾವಶಿ ಅದನ್ನು ಎತ್ತಿಟ್ಟು ಇನ್ನೊಂದು ಮಾಡಿದಳು. ಆ ಪಾರ್ಟಿಯಲ್ಲಿ ಸಾಹೇಬರು ಎರಡೆರಡು ಸಲ ಕೇಳಿ ತಿಂದರಂತೆ. ಮರುದಿನ ಆಕೆ ನನ್ನ ಹಣೆಗೆ ಮುತ್ತು ಕೊಟ್ಟು, "ದೇವ್ ಬರೆಂ ಕರುಂ" ಎಂದು ಹರಸಿದಳು. ಅದನ್ನೂ ತೆಗೆದುಕೊಂಡೆ ನಾನು.

ಆ ಸಾಹೇಬರಿಗೆ ವರ್ಗವಾಗಿ ಹೊಸಬರು ಬಂದರು. ಹೊಸ ಮಡಮ್ಮಳ ಮೊದಲ ಪಾರ್ಟಿ. ಮಾವಶಿಗೆ ಅದು ಪರೀಕ್ಷೆಯೇ. ಆಕೆ ಇರಬೇಕೋ ಹೋಗಬೇಕೋ ಎಂಬುದು ಆ ತಟ್ಟೆಯ ಮೇಲೆ ನಿಂತಿತ್ತು. ತೆಂಗಿನ ಕರಟದ ಇದ್ದಲು ಆ ವಾರ ಸಿಗದೆ ಮತ್ತಿ ಕಟ್ಟಿಗೆಯ ಇದ್ದಲು ತರಿಸಿದ್ದಳು. ಅದರ ಕಾವು ಹೆಚ್ಚು. ಮಣಿಯ ಲೆಕ್ಕಕ್ಕೆ ಅದು ತಿಳಿಯಲಿಲ್ಲ.

ಪಾರ್ಟಿಯ ದಿನ ಬೆಳಿಗ್ಗೆ ಬಸಿ ಹಿಡಿದು ಬಂದಳು. "ತತ್ತಿ ಬ್ಯಾರೆ ತಗದಿಟ್ಟೇನಿ ಬಾಯ್. ಕೋಕೋನೂ ಅರ್ಧ ಡಬ್ಬಿ ಐತಿ. ಕೆಟ್ಟಿದ್ದರ ಹೇಳು, ಈಗಿಂದೀಗ ಒಲಿ ಹಚ್ಚತೇನಿ. ಸಂಜಿ ಮಟಾ ಹೊತ್ತೈತಿ. ನಾಚಬ್ಯಾಡ."

ಗಂಗವ್ವ ಇರಲಿಲ್ಲ. ಮಗಳ ಬಾಣಂತನಕ್ಕೆಂದು ಮುಂಡಗೋಡಕ್ಕೆ ಹೋಗಿ ನಾಲ್ಕು ದಿನವಾಗಿತ್ತು.

ಬಸಿ ಹಿಡಿದು, ಎಂದಿನಂತೆ ಮೊಟ್ಟೆಯ ವಾಸನೆಗೆ ಉಸಿರು ಬಿಗಿಹಿಡಿದು ಒಳಗೆ ನಿಂತೆ. ತಿಂದುಬಿಡಬೇಕೆಂದೇ ನಿಶ್ಚಯ ಮಾಡಿದೆ. ಸಾಸಿವೆಯಷ್ಟು ಚೂರು ಮುರಿದು ತುಟಿಯ ತನಕ ಒಯ್ದೆ. ಕೊರಳಿನ ಲಿಂಗ ಎದೆಗೆ ತಾಗಿತು. ಕೈ ಇಳಿಯಿತು. ಮತ್ತೆ ಒಯ್ದೆ, ಮತ್ತೆ ಇಳಿಯಿತು. ಹೊರಗೆ ಮಾವಶಿ ಕಾಯುತ್ತಿದ್ದಳು. ಕೊನೆಗೆ ಹಿತ್ತಲ ಬೇಲಿಯಾಚೆ ಎಸೆದೆ. ಒಂದು ಕಾಗೆ ಹಾರಿ ಬಂದು ಕಚ್ಚಿಕೊಂಡು ಹೋಯಿತು. ಕಾಗೆ ಮುಟ್ಟಿತು, ಅಂದ ಮೇಲೆ ಚಲೋ ಇದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಾಗೆಗೆ ಸೀದದ್ದೇನು, ಬೆಂದದ್ದೇನು! ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಆ ಒರೆಸಿಕೊಂಡದ್ದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ.

"ಭಾಳ ಚಲೋ ಆಗೇತ್ರಿ ಮಾವಶಿ," ಎಂದೆ. "ಬಾಯಾಗ ಇಟ್ಟರ ಬೆಣ್ಣಿ."

ಆಕೆ ಶಿಲುಬೆಯ ಗುರುತು ಮಾಡಿಕೊಂಡು ಹೋದಳು.

ಏನಾಯಿತೆಂದು ಮರುದಿನ ಇವರು ಹೇಳಿದರು. ಪಾರ್ಟಿ ಹಾಲ್‌ನ ವರಾಂಡದಲ್ಲಿ ಸ್ಟಾಫಿಗೂ ಚಹಾ ಇತ್ತು, ಇವರು ಅಲ್ಲೇ ನಿಂತಿದ್ದರು. ಹೊಸ ಮಡಮ್ ಒಂದು ತುತ್ತು ಬಾಯಿಗಿಟ್ಟು ಕರವಸ್ತ್ರದಲ್ಲಿ ಉಗುಳಿದಳಂತೆ. ಇದು ತಿನ್ನುವುದೋ, ಇಂಜಿನ್ನಿಗೆ ಹಾಕುವುದೋ ಎಂದಳಂತೆ. ಎಲ್ಲರೂ ನಕ್ಕರಂತೆ. ಕರಿ ಪದರುಗಳೆಲ್ಲ ಸೀದು ಹೋಗಿದ್ದವು. ಮಾವಶಿ ಬಾಗಿಲಲ್ಲಿ ಬಿಳಿ ಏಪ್ರನ್ ಹಾಕಿಕೊಂಡು ನಿಂತೇ ಇದ್ದಳಂತೆ. ಒಂದು ವಾರದಲ್ಲಿ ಕೋಣೆ ಬಿಡಬೇಕೆಂದು ಚೀಟಿ ಬಂತು.

ಆ ವಾರವೆಲ್ಲ ಮಾವಶಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಬಚಾವಾಗುತ್ತಿದ್ದೆ. ಹೊರಡುವ ದಿನ ನಾವಿಬ್ಬರೂ ಸ್ಟೇಶನ್ನಿಗೆ ಹೋದೆವು. ಇವರು ಟ್ರಂಕು ಏರಿಸಿ ಅಲ್ಲೇ ಪಕ್ಕದಲ್ಲಿ ನಿಂತರು. ಮಾವಶಿ ಕಿಟಕಿಯಿಂದ ಕೈ ಚಾಚಿ ನನ್ನ ಗದ್ದ ಮುಟ್ಟಿದಳು.

"ನಿನ್ನ ನಾಲಿಗಿ ತಪ್ಪೂದಿಲ್ಲ ಬಾಯ್, ನನಗ ಗೊತ್ತೈತಿ. ಸೀದದ್ದು ನಿನಗ ತಿಳಿದಿತ್ತು. ಮುದುಕಿಗಿ ಯಾಕ ನೋಯಿಸೂದಂತ ಸುಮ್ಮನಾದಿ. ಹೌದಲ್ಲ?"

ನಾನು ತಲೆ ತಗ್ಗಿಸಿದೆ. ಅದನ್ನು ಆಕೆ ಹೌದೆಂದು ತಿಳಿದಳು.

"ಸಿಟ್ಟಿಲ್ಲ ನನಗ. ಆದರ ನಿನಗೂ ನನ್ನ ಮ್ಯಾಲ ಕರುಣಾ ಬಂತು ನೋಡು, ಅವಾಗ ತಿಳೀತು. ಈ ಕೈ ಮುಗೀತು. ಹಿಂದ ಎಷ್ಟು ಸಲ ಹಿಂಗ ಕರುಣಾ ಪಟ್ಟು ಚಲೋ ಅಂದಿದ್ದಿಯೋ, ಯಾರಿಗೆ ಗೊತ್ತು. ಇನ್ನ ಒಲಿ ಮುಟ್ಟೂದಿಲ್ಲ."

ಒಂದೇ ಮಾತು ಸಾಕಿತ್ತು. ನಾನು ತಿನ್ನಲಿಲ್ಲ ಮಾವಶಿ, ಗಂಗವ್ವ ತಿಂದಿದ್ದಳು, ಅವಳು ಹೇಳಿದ್ದೆಲ್ಲ ನಿಜ, ನಿಮ್ಮ ಕೈ ಚಲೋ ಐತಿ, ಕೆಟ್ಟದ್ದು ನನ್ನ ಬಾಯಿ. ಪಕ್ಕದಲ್ಲಿ ಗಂಡ ನಿಂತಿದ್ದರು. ಎರಡು ವರ್ಷಕ್ಕೂ ಮಿಕ್ಕಿ ಮನೆಯೊಳಗೆ ಮೊಟ್ಟೆಯ ತಿಂಡಿ ಬಂದದ್ದು ಇವರಿಗೆ ಗೊತ್ತಿರಲಿಲ್ಲ. ಅದಕ್ಕೆ ಹೆದರಿದೆನೋ, ಆಕೆಯ ಕಣ್ಣಿನಲ್ಲಿ ಸಣ್ಣವಳಾಗಲು ಹೆದರಿದೆನೋ, ಬಾಯಿ ಬರಲಿಲ್ಲ. ಗಾಡಿ ಘಟ್ಟ ಇಳಿಯಿತು.

ಗಂಗವ್ವ ಎರಡು ತಿಂಗಳ ಮೇಲೆ ತಿರುಗಿ ಬಂದಳು. ಅವಳಿಗೆ ಎಲ್ಲ ಹೇಳಿದೆ. ಹೇಳಿದ್ದು ಅವಳೊಬ್ಬಳಿಗೇ. ಕೊಡ ಇಳಿಸಿ ಕೇಳಿಸಿಕೊಂಡು, "ನಾ ಹೋಗಿ ಹೇಳ್ತೇನ್ರಿ ಅವ್ವಾರ," ಎಂದಳು. "ತಿಂದಾಕಿ ನಾನು, ಅಷ್ಟೂ ಸಲ ಚಲೋನ ಇತ್ತು, ಕೆಟ್ಟಾಗ ಕೆಟ್ಟೈತಿ ಅಂತನೂ ಹೇಳೇನಿ ಅಂತ ಹೇಳ್ತೇನಿ. ಗಾಡಿ ಹತ್ತಿದರ ಅರ್ಧ ದಿನದ ದಾರಿ."

"ಬ್ಯಾಡ," ಎಂದೆ. "ನಾನ ಹೋಗ್ತೇನಿ."

ಗೋವೆಯ ಗಾಡಿ ದಿನಾ ನಮ್ಮ ಬಾಗಿಲ ಮುಂದೆಯೇ ಹೋಗುತ್ತಿತ್ತು. ಮಳೆ ನಿಲ್ಲಲಿ ಎಂದೆ, ಆಮೇಲೆ ನನ್ನ ಹೆರಿಗೆಯಾಗಲಿ ಎಂದೆ, ಹುಟ್ಟಿದ ಮಗು ನಡೆಯುವಂತಾಗಲಿ ಎಂದೆ. ತಮ್ಮನ ಮಗಳ ಮದುವೆಯಲ್ಲಿ ಎಲ್ಲರೂ ಕಾಲು ಹಿಡಿದರೂ ಮಾವಶಿ ಒಲೆಯ ಹತ್ತಿರ ಹೋಗಲಿಲ್ಲ ಎಂದು ಗಾರ್ಡ್ ಒಬ್ಬನ ಬಾಯಿಂದ ಕೇಳಿದಾಗಲೂ ಹೋಗಲಿಲ್ಲ. "ಹೋಗಿ ಹೇಳಿ ಬಂದ್ರೇನ್ರಿ ಅವ್ವಾರ?" ಎಂದು ಗಂಗವ್ವ ವಾರಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದಳು. ಬರುವ ವಾರ ಎನ್ನುತ್ತಿದ್ದೆ.

ಮಾವಶಿ ತೀರಿಕೊಂಡ ಸುದ್ದಿಯನ್ನೂ ಅದೇ ಗಾರ್ಡ್ ತಂದ. ಗಂಗವ್ವನಿಗೆ ನಾನೇ ತಿಳಿಸಿದೆ. ಅವಳು ಕೊಡದ ನೀರನ್ನು ಹಂಡೆಗೆ ಸುರಿದು, ಬರಿಗೊಡ ಸೊಂಟಕ್ಕಿಟ್ಟುಕೊಂಡು ಹೋದಳು. ಆಮೇಲೆಯೂ ಎಷ್ಟೋ ವರ್ಷ ನಮ್ಮ ಮನೆಗೆ ನೀರು ತಂದಳು. ಆದರೆ ಮತ್ತೆ ಯಾವ ವಾರವೂ ಏನನ್ನೂ ಕೇಳಲಿಲ್ಲ.