ಕಾಣದ ಹಾಗೆ ಹಾಕಿದ ಹೊಲಿಗೆ

ಮಕ್ಕಳ ಗಂಟಲು ನೋವನ್ನು ಸುಮ್ಮನೆ ಬಿಟ್ಟರೆ ಕೆಲವರಲ್ಲಿ ಅದು ಹೃದಯಕ್ಕೆ ಇಳಿಯುತ್ತದೆ. ಮೊದಲು ಜ್ವರ, ಆಮೇಲೆ ಕೀಲುಗಳಲ್ಲಿ ಬಾವು. ಅದೂ ವಾಸಿಯಾಯಿತು ಎಂದು ಮನೆಯವರು ಮರೆತಿರುವಾಗ ಒಳಗೆ ಹೃದಯದ ಕವಾಟ ನಿಧಾನವಾಗಿ ಅಂಟಿಕೊಳ್ಳುತ್ತಾ ಹೋಗುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲ. ನಿಮಗೆ ಗೊತ್ತಿರುವುದು ಬೆರಳು ಡಾಕ್ಟ್ರು ಒಬ್ಬರೇ.

ಮಿಡಿಯುತ್ತಿರುವ ಹೃದಯದೊಳಗೆ ತೋರುಬೆರಳು ತೂರಿಸಿ ಅಂಟಿದ ಕವಾಟವನ್ನು ಬಿಡಿಸುವ ಆಪರೇಷನ್ನನ್ನು ನಮ್ಮ ಕಡೆ ಮೊದಲು ಮಾಡಿದವರು ಅವರು. ಹಾಗಾಗಿ ಆ ಹೆಸರು. ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ಮಾತುಮಾತಿಗೂ ಆ ಬೆರಳಿನದ್ದೇ ಹೊಗಳಿಕೆ. ಆ ಮನುಷ್ಯ ಬದುಕಿನ ಕೊನೆಯ ಕಾಲವೆಲ್ಲ ಯಾವುದಕ್ಕಾಗಿ ಗಂಟಲು ಹರಿದುಕೊಂಡರೋ ಅದರ ಬಗ್ಗೆ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಮೈ ಉರಿದು ಹೋಯಿತು. ಅವರ ಜೊತೆ ಕೊನೆತನಕ ಕೆಲಸ ಮಾಡಿದ ಸಿಸ್ಟರ್ ನನ್ನ ಚಿಕ್ಕಮ್ಮ. ಈಗ ಹೇಳುವುದೆಲ್ಲ ಅವಳ ಬಾಯಿಂದ ಕೇಳಿದ್ದು.

ಡಾಕ್ಟ್ರ ಅಪ್ಪ ಬಸ್ ಕಂಡಕ್ಟರ್. ಮಗ ದೂರ ಹೋಗಿ ಓದಿ, ಹೃದಯದ ಕೆಲಸ ಕಲಿತು ಬಂದರೆ ಇಲ್ಲಿನ ಆಸ್ಪತ್ರೆಯಲ್ಲಿ ಆ ಕೆಲಸಕ್ಕೊಂದು ಮೇಜೂ ಇರಲಿಲ್ಲ. ಮೂಳೆ ಆಪರೇಷನ್ ಇಲ್ಲದ ದಿನ ಮೂಳೆಯವರ ಕೋಣೆ ಬಿಟ್ಟುಕೊಡಿ ಎಂದು ಕೇಳಿದರು. ಆಸ್ಪತ್ರೆಯ ಹಿರಿಯ ಸರ್ಜನ್ ಎಲ್ಲರ ಎದುರಿಗೇ, "ಹೃದಯದೊಳಗೆ ಬೆರಳು ಹಾಕ್ತೀಯೇನಯ್ಯಾ? ಅದೇನು ನಿಮ್ಮಪ್ಪನ ಚಿಲ್ಲರೆ ಚೀಲಾನಾ?" ಎಂದರು.

"ಚೀಲದಲ್ಲಿ ಕೈ ಹಾಕಿದ್ರೆ ಚಿಲ್ಲರೆ ಬರುತ್ತೆ ಸರ್. ಇಲ್ಲಿ ಉಸಿರು ಬರುತ್ತೆ," ಎಂದರಂತೆ ಇವರು.

ಮೊದಲ ರೋಗಿ ಒಬ್ಬ ಟೈಲರ್ ಹುಡುಗಿ. ಹೊಲಿಗೆ ಯಂತ್ರದ ಪೆಡಲ್ ನಾಲ್ಕು ಸಲ ತುಳಿದರೆ ತುಟಿ ನೀಲಿಗಟ್ಟುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆಪರೇಷನ್‌ಗೆ ಮುಂಚೆ ಅವಳ ಅಮ್ಮ ಕೇಳಿದ್ದು ಮಗಳು ಬದುಕ್ತಾಳಾ ಎಂದಲ್ಲ. "ಡಾಕ್ಟ್ರೇ, ಗಾಯ ಕಾಣಬಾರದು. ನಾಳೆ ಮದುವೆ ಮಾಡಬೇಕಲ್ಲ."

ಡಾಕ್ಟ್ರು ನಕ್ಕು ಒಪ್ಪಿದರು. ಎಡ ಎದೆಯ ಕೆಳಗಿನ ಮಡಿಕೆಯಲ್ಲಿ, ಬಟ್ಟೆ ಮುಚ್ಚುವ ಕಡೆ ಕೊಯ್ದರು. ಕೂದಲೆಳೆಯಂಥ ಹೊಲಿಗೆ ಹಾಕಿದರು. ಗಾಯ ಮಾಗಿದ ಮೇಲೆ ಹುಡುಗಿ ಕನ್ನಡಿ ನೋಡಿಕೊಂಡು, "ನನ್ನ ಹೊಲಿಗೆಗಿಂತ ನಿಮ್ಮದೇ ನೀಟಾಗಿದೆ ಸಾರ್. ಅಂಗಡಿ ಹಾಕಿ, ನಾನೇ ಕೆಲಸಕ್ಕೆ ಬರ್ತೀನಿ," ಎಂದಳು. ಆವತ್ತಿನಿಂದ ಡಾಕ್ಟ್ರಿಗೆ ಅದೊಂದು ಹೆಮ್ಮೆ. ಯಾವ ಹೆಣ್ಣುಮಗಳಿಗೂ ಗಾಯ ಕಾಣದ ಹಾಗೆ ಹೊಲಿಯುವುದು.

ಹೆಸರು ಬಂತು. ದುಡಿದದ್ದನ್ನೆಲ್ಲ ಸುರಿದು ಮಕ್ಕಳಿಗೆ ಪುಕ್ಕಟೆ ವಾರ್ಡು ಕಟ್ಟಿಸಿದರು. ಹೆಂಡತಿ, "ಊರಿನ ಮಕ್ಕಳೆಲ್ಲ ನಿಮ್ಮವೇ, ಮನೇಲಿರೋವು ಯಾರವು?" ಎಂದು ರೇಗಿದರೂ ಕೊನೆಗೆ ಮನೆಯ ಮುಂದಿನ ಭಾಗವನ್ನೂ ವಾರ್ಡಿಗೆ ಬಿಟ್ಟುಕೊಟ್ಟು ತಾವು ಹಿಂದಿನ ಎರಡು ಕೋಣೆಗೆ ಸರಿದರು.

ಆದರೆ ಆಪರೇಷನ್ ಆದ ಮಾತ್ರಕ್ಕೆ ಕಾಯಿಲೆ ಮುಗಿಯುವುದಿಲ್ಲ, ಸ್ವಾಮಿ. ಅದು ಬೂದಿ ಮುಚ್ಚಿದ ಕೆಂಡ. ಗಂಟಲು ಮತ್ತೆ ಕೆಟ್ಟರೆ ಕವಾಟ ಮತ್ತೆ ಕೆಡುತ್ತದೆ. ಅದಕ್ಕೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ, ವರ್ಷಗಟ್ಟಲೆ. ಆ ಸೂಜಿಗೊಂದು ಕೋಣೆ ಬೇಕೆಂದು ಡಾಕ್ಟ್ರು ಸಿಮೆಂಟ್ ವ್ಯಾಪಾರಿಯ ಹತ್ತಿರ ಹೋದರು. ಆಪರೇಷನ್ ಕೋಣೆಯ ಯಂತ್ರ ಕೊಡಿಸಿ, ಅದರ ಮೇಲೆ ತನ್ನ ಅಪ್ಪ ಅಮ್ಮನ ಹೆಸರು ಕೆತ್ತಿಸಿದ್ದ ಮಹಾನುಭಾವ ಆತ.

"ಸೂಜಿ ಮೇಲೆ ಹೆಸರು ಬರೆಸೋಕಾಗುತ್ತಾ ಡಾಕ್ಟ್ರೇ?" ಎಂದು ಹಲ್ಲು ಕಿರಿದ.

ಡಾಕ್ಟ್ರು ತಮ್ಮ ಕಾರು ಮಾರಿ ಸೂಜಿ ಕೋಣೆ ತೆರೆದರು. ಎರಡು ಮಂಚ, ಒಂದು ಹಸಿರು ಪರದೆ, ನನ್ನ ಚಿಕ್ಕಮ್ಮ. ಮಂಗಳವಾರ ಬೆಳಿಗ್ಗೆ ತಾವೇ ನಿಂತು ಸೂಜಿ ಚುಚ್ಚುತ್ತಿದ್ದರು. ಜೊತೆಯ ಸರ್ಜನ್‌ಗಳು ಹಿಂದಿನಿಂದ ಅವರನ್ನು ಕಾಂಪೌಂಡರ್ ಎಂದು ಆಡಿಕೊಂಡರು.

ಟೈಲರ್ ಹುಡುಗಿ ತಪ್ಪದೆ ಬರುತ್ತಿದ್ದಳು, ಮದುವೆಯಾಗುವ ತನಕ. ಮದುವೆಯಾದ ಮೇಲೆ ಕಾಣಲಿಲ್ಲ. ಚಿಕ್ಕಮ್ಮ ವಿಚಾರಿಸಿದಾಗ ಹುಡುಗಿಯ ಅಮ್ಮ ಕೈ ಮುಗಿದಳು. "ಆ ಗಾಯ ಚಿಕ್ಕಂದಿನಲ್ಲಿ ಸುಟ್ಟಿದ್ದು ಅಂತ ಹೇಳಿಬಿಟ್ಟಿದೀವಿ ಸಿಸ್ಟರಮ್ಮ. ಸುಟ್ಟ ಗಾಯಕ್ಕೆ ಯಾರಾದ್ರೂ ತಿಂಗಳು ತಿಂಗಳೂ ಸೂಜಿ ಹಾಕಿಸ್ಕೊತಾರಾ? ಅವಳ ಅತ್ತೆಗೆ ಗೊತ್ತಾದ್ರೆ ಮಗಳು ಮನೆಗೆ ವಾಪಸ್. ಡಾಕ್ಟ್ರಿಗೆ ಹೇಳಿ, ದಯವಿಟ್ಟು ಬಾಯಿ ಬಿಡಬಾರದು."

ಡಾಕ್ಟ್ರು ಬಾಯಿ ಬಿಡಲಿಲ್ಲ. "ಹುಡುಗಿ ಸಂಸಾರ, ನಮಗ್ಯಾಕೆ?" ಎಂದರು. ಹುಡುಗಿಯನ್ನು ಕರೆಸಿ ಬುದ್ಧಿ ಹೇಳಬಹುದಿತ್ತು. ಅದನ್ನೂ ಮಾಡಲಿಲ್ಲ.

ಅವಳು ಮತ್ತೆ ಬಂದಾಗ ಅವಳನ್ನು ತೋಳಲ್ಲಿ ಆನಿಸಿಕೊಂಡು ಮೆಟ್ಟಿಲು ಹತ್ತಿಸಿದ್ದು ಅವಳ ಅತ್ತೆಯೇ. ಕಾಲು ಊದಿತ್ತು, ಒಂದು ಮಾತು ಆಡಿ ಮುಗಿಸುವಷ್ಟೂ ಉಸಿರು ನಿಲ್ಲುತ್ತಿರಲಿಲ್ಲ. ಡಾಕ್ಟ್ರು ಅದೇ ಜಾಗದಲ್ಲಿ ಮತ್ತೆ ಕೊಯ್ದರು. ಒಳಗೆ ಬೆರಳು ಹಾಕಿದರೆ ಕವಾಟ ಸುಣ್ಣಗಟ್ಟಿ ಕಲ್ಲಾಗಿತ್ತು. ಬೆರಳಿನಿಂದ ಬಿಡಿಸಲಾಗಲಿಲ್ಲ. ಕವಾಟ ಬದಲಿಸುವ ಸೌಲಭ್ಯ ಆಗ ಇಲ್ಲಿರಲಿಲ್ಲ. ಹುಡುಗಿ ಮೇಜಿನ ಮೇಲೆಯೇ ಹೋದಳು.

ಹೊರಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದರು: ಮೊದಲ ಆಪರೇಷನ್, ಸೂಜಿ, ಸುಟ್ಟ ಗಾಯದ ಸುಳ್ಳು. ಆ ಹೆಂಗಸು ಬೆಂಚಿನ ಮೇಲೆ ಕುಸಿದಳು.

"ಒಂದು ಮಾತು ಹೇಳಿದ್ರೆ ನಾನೇ ಕರ್ಕೊಂಡು ಬರ್ತಿದ್ನಲ್ಲ ಡಾಕ್ಟ್ರೇ. ನಾನೇನು ರಾಕ್ಷಸೀನಾ? ಕಾಲುನೋವು ಅಂದ್ರೆ ಅವಳಿಗೆ ಎಣ್ಣೆ ತಿಕ್ಕಿದೋಳು ನಾನು."

ಅಂದಿನಿಂದ ಡಾಕ್ಟ್ರು ಬೇರೆಯೇ ಮನುಷ್ಯ. ಗಾಯ ಕಾಣಬಾರದು ಎಂದು ಯಾವ ತಾಯಿ ಕೇಳಿದರೂ, "ಗಾಯ ಮುಚ್ತೀನಮ್ಮ. ಕಾಯಿಲೆ ನೀನು ಮುಚ್ಚಿಡ್ಬೇಡ. ಮದುವೆ ಮಾತು ಬಂದಾಗ ಹುಡುಗಿ ಬಾಯಿಂದಲೇ ಹೇಳಿಸು," ಎಂದು ಗುಡುಗುತ್ತಿದ್ದರು. ಎದ್ದು ಹೋದವರು ಎಷ್ಟೋ. ಊರು ಅವರಿಗೆ ಮದುವೆ ಮುರುಕ ಎಂದು ಹೆಸರಿಟ್ಟಿತು. ಶಾಲೆ, ಮದುವೆ ಮನೆ, ಕಾರ್ಖಾನೆ ಗೇಟು, ಎಲ್ಲಿ ಕರೆದರೂ ಹೋಗಿ ಆ ಸೂಜಿಯ ಮಾತೇ ಆಡಿದರು. ಜನ ಚಪ್ಪಾಳೆ ತಟ್ಟಿ ಆಪರೇಷನ್ ಕಥೆ ಹೇಳಿ ಎನ್ನುತ್ತಿದ್ದರು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಸೂಜಿ ಕೋಣೆ ಈಗಲೂ ಇದೆ, ಮಂಗಳವಾರ ತೆರೆಯುತ್ತದೆ. ಬರಬೇಕಾದವರಲ್ಲಿ ಅರ್ಧ ಜನ ಬರುವುದಿಲ್ಲ. ಬರುವವರಲ್ಲೂ ಕೆಲವರು ಮಾರ್ಕೆಟ್ಟಿಗೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬರುತ್ತಾರೆ, ಚುಚ್ಚಿದ ನೋವಿಗೆ ಕುಂಟದ ಹಾಗೆ ನಡೆದು ಹೋಗುತ್ತಾರೆ.

ಯಾರಿಗೆ ಹೆದರಿ? ನಿಮಗೆ. ಇದನ್ನು ಓದುತ್ತಿರುವ ಅತ್ತೆ, ಮಾವ, ಗಂಡ, ನಿಮಗೇ ಹೇಳುತ್ತಿರುವುದು. ಸಭೆ ಸಾಕು, ಹೊಗಳಿಕೆ ಸಾಕು. ಇವತ್ತೇ ನಿಮ್ಮ ಮನೆಯ ಹೆಣ್ಣುಮಗಳ ಪಕ್ಕ ಕೂತು, "ಏನಿದ್ರೂ ಹೇಳಮ್ಮ, ನಾನಿದೀನಿ" ಎನ್ನಿ. ಅವಳು ಹೇಳಿದರೆ ಮುಖ ಸಿಂಡರಿಸಬೇಡಿ. ಮಂಗಳವಾರ ಚಪ್ಪಲಿ ಮೆಟ್ಟಿ, ಅವಳ ಜೊತೆ ನೀವೇ ಹೊರಡಿ.